ಸುಣ್ಣದ ಗಾರೆ ಗೋಡೆಗೆ ಸಿಮೆಂಟ್ ಹಾಕಿಸಿ ಕೆಟ್ಟೆ. ಹಳೇ ವಿದ್ಯೆ ಯಾಕೆ ಕಳೆದುಹೋಗುತ್ತದೆ?

ಗವಿಪುರದ ಮನೆ:
ಎಲ್ಲರಿಗೂ ನಮಸ್ಕಾರ. ಇದು ಮನೆ ರಿಪೇರಿಯ ಪ್ರಶ್ನೆಯೋ ಇತಿಹಾಸದ ಪ್ರಶ್ನೆಯೋ ನನಗೇ ಗೊತ್ತಾಗುತ್ತಿಲ್ಲ. ಎರಡೂ ಸೇರಿಕೊಂಡಿದೆ, ಬೈಯಬೇಡಿ.

ನಮ್ಮದು ಗವಿಪುರದಲ್ಲಿ ತಾತ ಕಟ್ಟಿಸಿದ ಮನೆ. 1930ರ ದಶಕದ್ದು. ನಡುಮನೆಯ ಒಂದು ಗೋಡೆ ಹತ್ತು ವರ್ಷದಿಂದ ಕಾಟ ಕೊಡುತ್ತಿದೆ. ಮೊದಲು ಮಳೆಗಾಲದಲ್ಲಿ ಮೊಣಕಾಲಿನ ಎತ್ತರಕ್ಕೆ ಒದ್ದೆಯಾಗುತ್ತಿತ್ತು. ಬಣ್ಣ ಹಪ್ಪಳದ ಹಾಗೆ ಏಳುತ್ತಿತ್ತು, ಒಳಗೆ ಬಿಳಿ ಉಪ್ಪು. ಕಂಟ್ರಾಕ್ಟರ್ ಒಬ್ಬರು ಹಳೇ ಪ್ಲಾಸ್ಟರ್ ಕಿತ್ತು ಸಿಮೆಂಟ್ ಹೊಡೆದರು. ಎರಡು ವರ್ಷ ಚೆನ್ನಾಗಿತ್ತು. ಆಮೇಲೆ ಒದ್ದೆ ಸೊಂಟಕ್ಕೆ ಬಂತು. ವಾಟರ್‌ಪ್ರೂಫಿಂಗ್ ಅಂತ ಇನ್ನೊಬ್ಬರು ಏನೋ ಬಳಿದರು. ಈಗ ಎದೆಮಟ್ಟ. ಇನ್ನೊಂದು ರಿಪೇರಿ ಮಾಡಿಸಿದರೆ ಸೂರು ಮುಟ್ಟುತ್ತದೆ.

ಹೋದ ವಾರ ಪಕ್ಕದ ಬೀದಿಯ ದೇವಸ್ಥಾನದ ಕೆಲಸಕ್ಕೆ ಬಂದಿದ್ದ ವಯಸ್ಸಾದ ಮೇಸ್ತ್ರಿಯೊಬ್ಬರನ್ನು ಕರೆದು ತೋರಿಸಿದೆ. ಗೋಡೆ ತಟ್ಟಿದರು. ಮೂಲೆಯಲ್ಲಿ ಉಳಿದಿದ್ದ ಹಳೇ ಪ್ಲಾಸ್ಟರನ್ನು ಉಗುರಿನಿಂದ ಕೆರೆದು ಮೂಸಿದರು. "ಇದು ಗಾರೆ ಗೋಡೆ ಕಣಮ್ಮ. ಇದಕ್ಕೆ ಸಿಮೆಂಟ್ ಹಾಕೋದೂ ಒಂದೇ, ಮಗುವಿನ ಮೂಗು ಮುಚ್ಚೋದೂ ಒಂದೇ" ಅಂದರು.

ಅವತ್ತಿನಿಂದ ತಲೆಯಲ್ಲಿ ಹುಳ ಬಿಟ್ಟ ಹಾಗಾಗಿದೆ. ಶಾಲೆಯಲ್ಲಿ ನಮಗೆ ಹೇಳಿಕೊಟ್ಟಿದ್ದು ಏಣಿಯ ಲೆಕ್ಕ. ಕಲ್ಲು, ಕಂಚು, ಕಬ್ಬಿಣ, ಉಗಿ, ಕರೆಂಟು, ಕಂಪ್ಯೂಟರ್. ಒಂದೊಂದೇ ಮೆಟ್ಟಿಲು ಮೇಲಕ್ಕೆ. ಹಾಗಿದ್ದರೆ ತಾತನ ಕಾಲದ ಗಾರೆ ಇಷ್ಟು ಚೆನ್ನಾಗಿತ್ತು ಅಂದರೆ ಬಿಟ್ಟಿದ್ದು ಯಾಕೆ? ಬಿಟ್ಟಿದ್ದು ಸರಿ ಅಂದರೆ ನನ್ನ ಗೋಡೆ ಯಾಕೆ ಹೀಗೆ?

ರಿಟೈರ್ಡ್ ಸಿವಿಲ್:
ಮೇಡಂ, ಮೊದಲು ಒಂದು ಮಾತು. ಗಾರೆ ಸಿಮೆಂಟಿಗಿಂತ ಗಟ್ಟಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಗಾರೆ ಮೆತ್ತಗೆ. ಅದೇ ಅದರ ಗುಣ. ನೆಲದಿಂದ ಗೋಡೆಗೆ ಏರಿದ ನೀರು ಗಾರೆಯ ಸಣ್ಣ ಸಣ್ಣ ರಂಧ್ರಗಳಿಂದ ಆವಿಯಾಗಿ ಹೊರಗೆ ಹೋಗುತ್ತದೆ. ಸಿಮೆಂಟ್ ಪದರ ಹಾಕಿದಿರಿ, ಆ ದಾರಿ ಬಂದ್ ಆಯಿತು. ನೀರು ಮೇಲೆ ದಾರಿ ಹುಡುಕಿತು. ಮೊಣಕಾಲು, ಸೊಂಟ, ಎದೆ. ಮೇಸ್ತ್ರಿ ಹೇಳಿದ್ದು ನೂರಕ್ಕೆ ನೂರು ಸರಿ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಸ್ವಲ್ಪ ಉದ್ದ ಬರೆಯುತ್ತೇನೆ, ರಿಟೈರ್ ಆದವನಿಗೆ ಟೈಮ್ ಜಾಸ್ತಿ.

ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿಯಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ಉಳಿಯುವುದು ಸುಟ್ಟ ಸುಣ್ಣ. ಅದಕ್ಕೆ ನೀರು ಹಾಕಿದರೆ ಬುಸುಗುಟ್ಟಿಕೊಂಡು ಅರಳುತ್ತದೆ. ಎಲೆ ಅಡಿಕೆಗೆ ಹಚ್ಚುವ ಸುಣ್ಣವೂ ಇದೇ ಜಾತಿ. ಅರಳಿದ ಸುಣ್ಣಕ್ಕೆ ಮರಳು ಸೇರಿಸಿ ಗೋಡೆಗೆ ಹಚ್ಚಿದರೆ, ಗಾಳಿಯಲ್ಲಿರುವ ಅದೇ ಡೈಆಕ್ಸೈಡನ್ನು ನಿಧಾನವಾಗಿ ವಾಪಸ್ ಕುಡಿದು ಮತ್ತೆ ಕಲ್ಲಾಗುತ್ತದೆ. ಕಲ್ಲು, ಪುಡಿ, ಮತ್ತೆ ಕಲ್ಲು. ಆದರೆ ಇದಕ್ಕೆ ತಿಂಗಳುಗಳು ಬೇಕು, ದಪ್ಪ ಗೋಡೆಯಾದರೆ ವರ್ಷಗಳು. ನೀರಿನೊಳಗಂತೂ ಬರೀ ಸುಣ್ಣ ಗಟ್ಟಿಯಾಗುವುದೇ ಇಲ್ಲ.

ಅದಕ್ಕೇ ಇಟ್ಟಿಗೆ ಪುಡಿ ಬಂದಿದ್ದು. ಹದವಾಗಿ ಬೆಂದ ಇಟ್ಟಿಗೆಯನ್ನು ಕುಟ್ಟಿ ಸುಣ್ಣಕ್ಕೆ ಬೆರೆಸಿದರೆ, ಸುಟ್ಟ ಜೇಡಿಮಣ್ಣಿನ ಸಿಲಿಕ ಮತ್ತು ಅಲ್ಯುಮಿನ ಸುಣ್ಣದ ಜೊತೆ ಕೂಡಿಕೊಂಡು ನೀರಿನಲ್ಲೂ ಗಟ್ಟಿಯಾಗುತ್ತದೆ. ಇದೇ ಸುರ್ಕಿ ಗಾರೆ. ರೋಮಿನವರು ಇಟ್ಟಿಗೆ ಪುಡಿಯ ಜೊತೆಗೆ ಪೊಜ್ಜುವೋಲಿ ಊರಿನ ಜ್ವಾಲಾಮುಖಿ ಬೂದಿಯನ್ನೂ ಬಳಸುತ್ತಿದ್ದರು. ಕೆಲಸ ಎರಡರದೂ ಒಂದೇ. ರೋಮಿನ ಪ್ಯಾಂಥಿಯನ್ ಗುಮ್ಮಟ ಸುಮಾರು 43 ಮೀಟರ್ ಅಗಲ, ಒಳಗೆ ಒಂದು ಕಬ್ಬಿಣದ ಸರಳೂ ಇಲ್ಲ. 1900 ವರ್ಷದಿಂದ ನಿಂತಿದೆ.

ಸಾಮ್ರಾಜ್ಯ ಬಿದ್ದ ಮೇಲೆ ಯೂರೋಪಿನಲ್ಲಿ ಅಂಥ ದೊಡ್ಡ ಕಾಂಕ್ರೀಟ್ ಕೆಲಸ ನಿಂತೇಹೋಯಿತು. 1750ರ ದಶಕದಲ್ಲಿ ಇಂಗ್ಲೆಂಡಿನ ಜಾನ್ ಸ್ಮೀಟನ್‌ಗೆ ಸಮುದ್ರದ ಮಧ್ಯೆ ಎಡ್ಡಿಸ್ಟೋನ್ ಬಂಡೆಯ ಮೇಲೆ ದೀಪಸ್ತಂಭ ಕಟ್ಟುವ ಕೆಲಸ ಬಂತು. ಅಲೆ ಹೊಡೆಯುವ ಜಾಗದಲ್ಲಿ ಗಟ್ಟಿಯಾಗುವ ಗಾರೆ ಬೇಕಿತ್ತು. ಬೇರೆ ಬೇರೆ ಊರಿನ ಸುಣ್ಣದ ಕಲ್ಲು ತರಿಸಿ ಪರೀಕ್ಷೆ ಮಾಡಿದ. ಜೇಡಿಮಣ್ಣು ಬೆರೆತ ಸುಣ್ಣದ ಕಲ್ಲೇ ನೀರಿನಲ್ಲಿ ಗಟ್ಟಿಯಾಗುತ್ತದೆ ಅಂತ ಕಂಡುಕೊಂಡ. 1824ರಲ್ಲಿ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ತೆಗೆದುಕೊಂಡ.

ನಮ್ಮಲ್ಲಿ ಸುರ್ಕಿ ಬಳಕೆ ಆಮೇಲೂ ನಿಲ್ಲಲಿಲ್ಲ. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಿದ್ದು 1911ರಲ್ಲಿ. ಪೋರಬಂದರಿನ ಕಾರ್ಖಾನೆಯಲ್ಲಿ ಸಿಮೆಂಟ್ ಬರತೊಡಗಿದ್ದು 1914ರಲ್ಲಿ. ಕಟ್ಟೆಯನ್ನು ಸುರ್ಕಿ ಗಾರೆಯಲ್ಲೇ ಕಟ್ಟಿದರು. ಇವತ್ತು ಬೆಂಗಳೂರಿನ ನಲ್ಲಿಯಲ್ಲಿ ಬರುವ ಕಾವೇರಿ ನೀರಿಗೂ ಅದೇ ಕಟ್ಟೆಯ ಆಸರೆ.

ಮತ್ತೆ ಯಾಕೆ ಬಿಟ್ಟೆವು? ಆತುರ, ಅಷ್ಟೇ. ಸಿಮೆಂಟ್ 28 ದಿನದಲ್ಲಿ ಲೆಕ್ಕ ಒಪ್ಪಿಸುತ್ತದೆ. ಚೀಲ ಬಿಚ್ಚು, ಕಲಸು, ಹಾಕು. ಯಾವ ಊರಲ್ಲಿ ಕೊಂಡರೂ ಒಂದೇ ಗುಣ. ಸುಣ್ಣ ವಾರಗಟ್ಟಲೆ ತೊಟ್ಟಿಯಲ್ಲಿ ನೆನೆಯಬೇಕು, ಎತ್ತು ಕಟ್ಟಿ ಅರೆಯಬೇಕು, ಅಳಲೆಕಾಯಿ ಬೆಲ್ಲದ ನೀರು ಹಾಕಬೇಕು. ಬಹುಮಹಡಿ ಕಟ್ಟುವ ಊರಿಗೆ ಅಷ್ಟು ತಾಳ್ಮೆ ಎಲ್ಲಿದೆ? ಸಿಮೆಂಟ್ ಕೆಟ್ಟದ್ದಲ್ಲ ಮೇಡಂ, ನಿಮ್ಮ ಗೋಡೆಗೆ ಅದು ಸಲ್ಲ.

ತಮಾಷೆ ನೋಡಿ, ಗಾರೆ ಹೋಗಿ ಎಷ್ಟೋ ಕಾಲವಾಯಿತು. ಈಗಲೂ ಸಿಮೆಂಟ್ ಕಲಸುವವರನ್ನು ನಾವು ಗಾರೆ ಕೆಲಸದವರು ಅಂತಲೇ ಕರೆಯುತ್ತೇವೆ.

ಕತ್ರಿಗುಪ್ಪೆ ಕ್ರಾಸ್:
ಫಾಲೋ ಮಾಡುತ್ತಿದ್ದೇನೆ. ನಮ್ಮನೆ ಗೋಡೆಯೂ ಇದೇ ಕಥೆ.

ಅನುಮಾನಪ್ಪ:
ಈಗ ಯಾರಾದರೂ ಬಂದು "ನೋಡಿದಿರಾ, ಎಲ್ಲಾ ನಮ್ಮ ಪೂರ್ವಿಕರಿಗೆ ಗೊತ್ತಿತ್ತು" ಅಂತ ಶುರು ಮಾಡುವ ಮೊದಲೇ ಹೇಳಿಬಿಡುತ್ತೇನೆ. ಸುಣ್ಣ ಇಟ್ಟಿಗೆ ಪುಡಿ ಬೆರೆಸುವುದು ಗೊತ್ತಿತ್ತು. ಯಾಕೆ ಗಟ್ಟಿಯಾಗುತ್ತದೆ ಅಂತ ಗೊತ್ತಿರಲಿಲ್ಲ. ರೋಮಿನವರಿಗೂ ಗೊತ್ತಿರಲಿಲ್ಲ. ಕೈಗೆ ಗೊತ್ತಿರುವುದು ಬೇರೆ, ತಲೆಗೆ ಗೊತ್ತಿರುವುದು ಬೇರೆ.

ಇನ್ನೊಂದು ಗುಂಪಿದೆ, ಎಲ್ಲಾ ಪಶ್ಚಿಮದಿಂದಲೇ ಬಂತು ಅನ್ನುವವರು. ಅವರೂ ಸ್ವಲ್ಪ ಸುಮ್ನೆ ಕೂತರೆ ಒಳ್ಳೆಯದು.

ಲೆಕ್ಕದ ಮೇಷ್ಟ್ರು, ಮಲ್ಲೇಶ್ವರ:
ಅನುಮಾನಪ್ಪನವರೇ, ತಲೆಗೆ ಗೊತ್ತಿದ್ದೂ ಕೈಗೆ ಕೆಲಸಕ್ಕೆ ಬಾರದ ಉದಾಹರಣೆಯೂ ಇದೆ. ನನ್ನ ವಿಷಯದಿಂದಲೇ ಒಂದು ಹೇಳುತ್ತೇನೆ.

ನೃಪತುಂಗ ರಸ್ತೆಯಲ್ಲಿ ಓಡಾಡುತ್ತೀರಲ್ಲ, ಆ ನೃಪತುಂಗ ಅಮೋಘವರ್ಷನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಅನ್ನುವ ಜೈನ ಗಣಿತಜ್ಞ ಇದ್ದರು. ಋಣಸಂಖ್ಯೆಗೆ ವರ್ಗಮೂಲ ಇಲ್ಲ ಅಂತ ಸ್ಪಷ್ಟವಾಗಿ ಬರೆದರು. ಕಾರಣವನ್ನೂ ಕೊಟ್ಟರು: ಋಣಸಂಖ್ಯೆ ಯಾವುದರ ವರ್ಗವೂ ಅಲ್ಲ. ಅವತ್ತಿನ ಮಟ್ಟಿಗೆ ಸರಿಯಾದ ಮಾತೇ. ಬಾಗಿಲು ಎಲ್ಲಿದೆ ಅಂತ ತೋರಿಸಿ, ಇದು ತೆರೆಯುವುದಿಲ್ಲ ಅಂತ ಬೋರ್ಡ್ ಹಾಕಿದ ಹಾಗೆ.

1545ರಲ್ಲಿ ಇಟಲಿಯ ಕಾರ್ಡಾನೋ ಒಂದು ಲೆಕ್ಕ ಹಾಕಿದ. ಹತ್ತನ್ನು ಎರಡು ಭಾಗ ಮಾಡಿ, ಗುಣಿಸಿದರೆ 40 ಬರಬೇಕು. ಉತ್ತರದಲ್ಲಿ ಮೈನಸ್ ಹದಿನೈದರ ವರ್ಗಮೂಲ ಬಂತು. ಹಾಗೇ ಇಟ್ಟುಕೊಂಡು ಗುಣಿಸಿದ, 40 ಬಂತು! ನಯವಾದದ್ದು ಹೌದು, ಪ್ರಯೋಜನಕ್ಕಿಲ್ಲ ಅನ್ನುವ ಅರ್ಥದಲ್ಲಿ ಷರಾ ಬರೆದು ಕೈಬಿಟ್ಟ. 1572ರಲ್ಲಿ ಬೊಂಬೆಲ್ಲಿ ಆ ಸಂಖ್ಯೆಗಳಿಗೆ ಕೂಡುವ ಗುಣಿಸುವ ನಿಯಮ ಮಾಡಿಕೊಟ್ಟ. ಆಮೇಲೂ ಶತಮಾನಗಟ್ಟಲೆ ಗಣಿತದವರ ಆಟದ ಸಾಮಾನು. ಹೆಸರೇ ಊಹಾಸಂಖ್ಯೆ.

ಈಗ 1893ಕ್ಕೆ ಬನ್ನಿ. ಎಸಿ ಕರೆಂಟು ಹೊಸದು. ಅದರ ಲೆಕ್ಕ ಇಂಜಿನಿಯರುಗಳ ಜೀವ ತಿನ್ನುತ್ತಿತ್ತು, ಯಾಕೆಂದರೆ ವೋಲ್ಟೇಜೂ ಕರೆಂಟೂ ಅಲೆಯ ಹಾಗೆ ಏರಿ ಇಳಿಯುತ್ತವೆ, ಅದೂ ಒಂದರ ಹಿಂದೆ ಒಂದು. ಅಮೆರಿಕದಲ್ಲಿ ಸ್ಟೈನ್‌ಮೆಟ್ಜ್ ಅನ್ನುವವರು ಈ ಊಹಾಸಂಖ್ಯೆ ಬಳಸಿದರೆ ಇಡೀ ತಲೆನೋವು ಕೂಡು ಕಳೆಯುವ ಲೆಕ್ಕವಾಗುತ್ತದೆ ಅಂತ ತೋರಿಸಿದರು. ಅವರು ಸೇರಿದ ಕಂಪನಿ ಜನರಲ್ ಎಲೆಕ್ಟ್ರಿಕ್. 1902ರಲ್ಲಿ ಶಿವನಸಮುದ್ರದಲ್ಲಿ ಕರೆಂಟು ತೆಗೆದಾಗ ವಿದ್ಯುತ್ ಯಂತ್ರ ಕೊಟ್ಟಿದ್ದೂ ಅದೇ ಕಂಪನಿ.

ಗೋಷ್ಠಿಗಳಲ್ಲಿ ಇದನ್ನು ಹೇಳಿದರೆ "ಹಾಗಾದರೆ ಮಹಾವೀರಾಚಾರ್ಯರಿಂದಲೇ ಕರೆಂಟು ಬಂತಾ ಸಾರ್" ಅಂತ ಕೇಳುತ್ತಾರೆ. ಇಲ್ಲಪ್ಪಾ. ಅವರಿಂದ ಕಾರ್ಡಾನೋಗೆ ನೇರ ದಾರಿ ಇತ್ತು ಅಂತ ನಾನು ಹೇಳುತ್ತಿಲ್ಲ. ಒಂದೇ ಬಾಗಿಲ ಹತ್ತಿರ ಇಬ್ಬರು ಬೇರೆ ಬೇರೆ ಕಾಲದಲ್ಲಿ ಬಂದು ನಿಂತರು, ಅಷ್ಟೆ. ಆ ಬಾಗಿಲಿನ ಹಿಂದೆ ಏನಿದೆ ಅಂತ ಕೇಳುವ ಅಗತ್ಯ ಬಿದ್ದಿದ್ದು ಊರಿಂದೂರಿಗೆ ತಂತಿ ಎಳೆದ ಮೇಲೆ.

ರಿಟೈರ್ಡ್ ಸಿವಿಲ್:
ಮೇಷ್ಟ್ರೇ, ಒಳ್ಳೇ ಕೊಂಡಿ ಹಿಡಿದಿರಿ. ಇದಕ್ಕೆ ದುಡ್ಡಿನ ಲೆಕ್ಕವೂ ಸೇರಿಸಿ. ಶಿವನಸಮುದ್ರದ ಕರೆಂಟು ಮೊದಲು ಬೆಂಗಳೂರಿಗೆ ಬರಲಿಲ್ಲ. ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕೊಟ್ಟರು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಲೈನುಗಳಲ್ಲಿ ಒಂದು. ಗಣಿಯವರು ದುಡ್ಡು ಕೊಡುತ್ತಿದ್ದರು, ನಾವು ಕೊಡುತ್ತಿರಲಿಲ್ಲ. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ರಲ್ಲಿ. ಪೇಟೆ ಬೀದಿಯಲ್ಲಿ ಬಲ್ಬ್ ಉರಿಯಲಿಕ್ಕೂ ಕೋಲಾರದ ಚಿನ್ನ ಬೇಕಾಯಿತು.

ಯಶವಂತಪುರ ಗ್ಯಾರೇಜ್:
ಮೇಷ್ಟ್ರು ಹೇಳಿದ ಗಣಿತ ನನಗೆ ಅರ್ಧ ತಲೆ ಮೇಲೆ ಹೋಯಿತು. ಆದರೆ ಇದೇ ಥರದ್ದು ನಮ್ಮ ಲೈನಲ್ಲೂ ಇದೆ.

ಎಲೆಕ್ಟ್ರಿಕ್ ಗಾಡಿ ಹೊಸದು ಅಂತ ಎಲ್ಲರೂ ಅಂದುಕೊಂಡಿದ್ದಾರೆ. 1899ರಲ್ಲೇ ಬೆಲ್ಜಿಯಂನ ಜೆನಾಟ್ಸಿ ಅನ್ನುವವನು ಎಲೆಕ್ಟ್ರಿಕ್ ಕಾರಿನಲ್ಲಿ ಗಂಟೆಗೆ 100 ಕಿಲೋಮೀಟರ್ ದಾಟಿಸಿದ. ರಸ್ತೆಯ ಮೇಲೆ ಆ ವೇಗ ಮುಟ್ಟಿದ ಮೊದಲ ಕಾರು ಅದೇ. ಆಗ ಪೆಟ್ರೋಲ್ ಕಾರು ಅಂದರೆ ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕು. ಅದು ಒದ್ದರೆ ಕೈ ಮುರಿಯುತ್ತಿತ್ತು. ಎಲೆಕ್ಟ್ರಿಕ್‌ನಲ್ಲಿ ಕೂತು ಹೊರಡುವುದು ಅಷ್ಟೇ.

ಹಾಗಾದರೆ ಸೋತಿದ್ದು ಹೇಗೆ? 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಸೆಲ್ಫ್ ಸ್ಟಾರ್ಟ್ ಬಂತು. ಸೆಲ್ಫ್ ಅಂದರೆ ಏನು? ಒಂದು ಸಣ್ಣ ಕರೆಂಟ್ ಮೋಟಾರು, ಒಂದು ಸೀಸದ ಬ್ಯಾಟರಿ. ಅಂದರೆ ಎಲೆಕ್ಟ್ರಿಕ್ ಕಾರಿನ ಸಾಮಾನನ್ನೇ ಸಣ್ಣದು ಮಾಡಿ ಪೆಟ್ರೋಲ್ ಕಾರಿನ ಹೊಟ್ಟೆಯಲ್ಲಿ ಇಟ್ಟರು. ಮನೆಯವರೇ ಹೋಗಿ ಶತ್ರು ಪಾಳೆಯ ಸೇರಿದ ಹಾಗೆ. ಬಾನೆಟ್ ಎತ್ತಿದಾಗಲೆಲ್ಲ ನನಗೆ ಇದು ನೆನಪಾಗಿ ನಗು ಬರುತ್ತದೆ.

ಆಮೇಲೆ 2001ರಲ್ಲಿ ನಮ್ಮ ಬೆಂಗಳೂರಲ್ಲೇ ರೇವಾ ಬಂತು. ಚೇತನ್ ಮೈನಿ ಅವರದು. ಪುಟ್ಟ ಕಾರು, ಸೀಸದ ಬ್ಯಾಟರಿ, ಒಂದು ಸಲ ಚಾರ್ಜ್ ಮಾಡಿದರೆ ಸುಮಾರು 80 ಕಿಲೋಮೀಟರ್. ಐಡಿಯಾ ಸರಿ ಇತ್ತು, ಮೋಟಾರು ಸರಿ ಇತ್ತು. ಆದರೆ ಸೀಸ ಅಂದರೆ ಸೀಸ. 1859ರಲ್ಲಿ ಪ್ಲಾಂಟೆ ಮಾಡಿದ ಬ್ಯಾಟರಿಯ ಮೊಮ್ಮಗನೇ ಅದು, ಎತ್ತಿದರೆ ಸೊಂಟ ಹಿಡಿಯುತ್ತದೆ. ಕಡಿಮೆ ತೂಕದಲ್ಲಿ ಜಾಸ್ತಿ ಶಕ್ತಿ ತುಂಬುವ ಲಿಥಿಯಂ ಬ್ಯಾಟರಿ 1991ರಲ್ಲೇ ಸೋನಿಯವರು ಮಾರುಕಟ್ಟೆಗೆ ತಂದಿದ್ದರು, ಆದರೆ ಅದು ಕ್ಯಾಮೆರಾದಂಥ ಸಣ್ಣ ಸಾಮಾನಿಗೆ. ಅದು ಕಾರಿಗೆ, ಸ್ಕೂಟರಿಗೆ ಆಗುವಷ್ಟು ಅಗ್ಗ ಆಗಿದ್ದು ನಾವೆಲ್ಲ ಮೊಬೈಲು, ಲ್ಯಾಪ್‌ಟಾಪ್ ಕೊಂಡೂ ಕೊಂಡೂ. ಈಗ ನನ್ನ ಗ್ಯಾರೇಜ್ ಮುಂದೆ ನಿಲ್ಲುವ ಗಾಡಿಗಳಲ್ಲಿ ಎಲೆಕ್ಟ್ರಿಕ್ ಆಟೋನೂ ಇದೆ. ಆಯಿಲ್ ಚೇಂಜ್ ಇಲ್ಲ, ಪ್ಲಗ್ ಇಲ್ಲ. ನನ್ನ ಹೊಟ್ಟೆ ಪಾಡು ಏನು ಅಂತ ಆ ವಿಜ್ಞಾನಿಗಳಿಗೆ ಯಾರಾದರೂ ಕೇಳಿ.

ಲ್ಯಾಬ್ ಅಕ್ಕ:
ಗ್ಯಾರೇಜ್ ಅಣ್ಣ ಹೇಳಿದ್ದು ಓದಿ ನಮ್ಮ ಲ್ಯಾಬಿನ ಮೂಲೆಯಲ್ಲಿರುವ ರಾಮನ್ ಯಂತ್ರ ನೆನಪಾಯಿತು. ಸಿ. ವಿ. ರಾಮನ್ ಮತ್ತು ಕೆ. ಎಸ್. ಕೃಷ್ಣನ್ ಕಲ್ಕತ್ತದಲ್ಲಿ ರಾಮನ್ ಪರಿಣಾಮ ಕಂಡಿದ್ದು 1928ರ ಫೆಬ್ರುವರಿ 28ಕ್ಕೆ. ಎಲ್ಲರಿಗೂ ಗೊತ್ತು, ವಿಜ್ಞಾನ ದಿನ. ಆದರೆ ರಾಮನ್ ಅದನ್ನು ವಿವರವಾಗಿ ಉಪನ್ಯಾಸದಲ್ಲಿ ಹೇಳಿದ್ದು ನಮ್ಮ ಬೆಂಗಳೂರಿನಲ್ಲಿ, ಮಾರ್ಚ್ 16ಕ್ಕೆ, ಸೌತ್ ಇಂಡಿಯನ್ ಸೈನ್ಸ್ ಅಸೋಸಿಯೇಷನ್ ಸಭೆಯಲ್ಲಿ. ಇದು ಎಷ್ಟೋ ಬೆಂಗಳೂರಿಗರಿಗೆ ಗೊತ್ತಿಲ್ಲ, ನನಗೆ ಸ್ವಲ್ಪ ಹೊಟ್ಟೆಕಿಚ್ಚು.

ವಿಷಯ ಏನೆಂದರೆ, ವಸ್ತುವಿಗೆ ಬೆಳಕು ಬಿಟ್ಟರೆ ಚದುರುವ ಬೆಳಕಿನಲ್ಲಿ ಕೋಟಿಗೆ ಒಂದರಷ್ಟು ಕಣ ಮಾತ್ರ ಬಣ್ಣ ಬದಲಿಸಿ ಬರುತ್ತದೆ. ಆ ಬದಲಾವಣೆ ನೋಡಿದರೆ ವಸ್ತು ಯಾವುದು ಅಂತ ಹೇಳಬಹುದು. ಹೀಗಾಗಬಹುದು ಅಂತ 1923ರಲ್ಲೇ ಆಸ್ಟ್ರಿಯದ ಸ್ಮೆಕಲ್ ಕಾಗದದ ಮೇಲೆ ಬರೆದಿದ್ದ. 1928ರಲ್ಲೇ ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್, ಮ್ಯಾಂಡೆಲ್‌ಸ್ಟಾಮ್ ಇಬ್ಬರೂ ಸ್ಫಟಿಕದಲ್ಲಿ ಇದನ್ನೇ ಕಂಡಿದ್ದರು. ಹಣ್ಣು ಮಾಗಿತ್ತು, ಎರಡು ಮೂರು ಕೈ ಒಟ್ಟಿಗೆ ಚಾಚಿದ್ದವು.

ನೊಬೆಲ್ 1930ರಲ್ಲಿ ಬಂತು. ಆದರೆ ಅಷ್ಟು ಮಂಕು ಬೆಳಕನ್ನು ಪಾದರಸದ ದೀಪದಲ್ಲಿ ಹಿಡಿಯಲಿಕ್ಕೆ ಗಂಟೆಗಟ್ಟಲೆ ಫೋಟೋ ಪ್ಲೇಟ್ ಇಟ್ಟು ಕಾಯಬೇಕಿತ್ತು. ದಿನನಿತ್ಯದ ಕೆಲಸಕ್ಕೆ ಯಾರು ಬಳಸುತ್ತಾರೆ? 1960ರಲ್ಲಿ ಲೇಸರ್ ಬಂದ ಮೇಲೆ ಕಥೆಯೇ ಬದಲಾಯಿತು. ಈಗ ಕೈಯಲ್ಲಿ ಹಿಡಿಯುವ ಯಂತ್ರ ಬಂದಿದೆ. ಔಷಧಿಯ ಕಚ್ಚಾವಸ್ತು ಅಸಲಿಯೋ, ಹರಳು ನಿಜವೋ ನಕಲಿಯೋ ಅಂತ ಸೆಕೆಂಡುಗಳಲ್ಲಿ ಹೇಳುತ್ತದೆ. ಪರಿಣಾಮ ರಾಮನ್ ಅವರದು, ಅದಕ್ಕೆ ಜೊತೆ ಸಿಕ್ಕಿದ್ದು 32 ವರ್ಷದ ನಂತರ.

ಅನುಮಾನಪ್ಪ:
ಸರಿ, ಕಾದ ಐಡಿಯಾಗಳ ಕಥೆ ಆಯಿತು. ಮೇಡಂ ಕೇಳಿದ್ದು ಕಳೆದುಹೋದವುಗಳ ಬಗ್ಗೆ.

ನನ್ನ ಪ್ರಕಾರ ಪುಸ್ತಕದಲ್ಲಿರುವುದು ಸುಲಭಕ್ಕೆ ಸಾಯುವುದಿಲ್ಲ. ಸಾಯುವುದು ಕೈಯಲ್ಲಿರುವುದು. ಉಕ್ಕನ್ನೇ ತೆಗೆದುಕೊಳ್ಳಿ. ಮೂಸೆಯಲ್ಲಿ ಕಬ್ಬಿಣ, ಕಟ್ಟಿಗೆ ಚೂರು, ಹಸಿ ಎಲೆ ಹಾಕಿ ಬಾಯಿ ಮುಚ್ಚಿ ಕಾಯಿಸಿ ನಮ್ಮ ದಕ್ಷಿಣದವರು ಉಕ್ಕು ಮಾಡುತ್ತಿದ್ದರು. ಡಮಾಸ್ಕಸ್ ಕತ್ತಿ ಅಂತ ಹೆಸರಾದದ್ದಕ್ಕೆ ಇಲ್ಲಿಂದ ಹೋದ ಉಕ್ಕಿನ ಗಟ್ಟಿಗಳೇ ಮೂಲ. ಇಂಗ್ಲಿಷಿನವರು ಅದನ್ನು "ವೂಟ್ಜ್" ಅಂದರು, ನಮ್ಮ "ಉಕ್ಕು" ಅವರ ಬಾಯಲ್ಲಿ ಹಾಗಾಯಿತು ಅನ್ನುತ್ತಾರೆ. 1820ರ ಹೊತ್ತಿಗೆ ಮೈಕೆಲ್ ಫ್ಯಾರಡೆಯಂಥ ಫ್ಯಾರಡೆ, ಚಾಕು ಮಾಡುವ ಸ್ಟೋಡಾರ್ಟ್ ಜೊತೆ ಕೂತು ಅದರ ಗುಟ್ಟು ಹುಡುಕಿದರು.

ಅಲ್ಲಿ ಲಂಡನ್ನಿನಲ್ಲಿ ಗುಟ್ಟು ಹುಡುಕುತ್ತಿದ್ದ ಶತಮಾನದಲ್ಲೇ ಇಲ್ಲಿ ಕುಲುಮೆ ಆರಿಹೋದವು. ಬೆಸೆಮರ್‌ನ ಅಗ್ಗದ ಉಕ್ಕು 1856ರ ನಂತರ ಬಂತು. ಇದ್ದಿಲಿಗೆ ಕಾಡಿನ ಕಟ್ಟುಪಾಡು ಬಿತ್ತು. ಮಗ ಅಪ್ಪನ ಕುಲುಮೆಗೆ ಬರಲಿಲ್ಲ. ಎಷ್ಟು ಎಲೆ, ಯಾವ ಅದಿರು, ಎಷ್ಟು ನಿಧಾನಕ್ಕೆ ಆರಿಸಬೇಕು, ಕುಲುಮೆಯವರು ಯಾರೂ ಬರೆದಿಡಲಿಲ್ಲ. ಬರೆಯುವವನು ಕುಲುಮೆಗೆ ಬರುತ್ತಿರಲಿಲ್ಲ, ಕುಲುಮೆಯವನಿಗೆ ಅಕ್ಷರ ಕೊಟ್ಟಿರಲಿಲ್ಲ. ಪೂರ್ವಿಕರ ಹೆಮ್ಮೆ ಹೇಳುವವರು ಈ ಭಾಗ ಮಾತ್ರ ಹೇಳುವುದಿಲ್ಲ.

ಜಯನಗರದ ಆರ್ಕಿಟೆಕ್ಟ್:
ಅನುಮಾನಪ್ಪ ಸರ್ ಇವತ್ತು ಫಾರ್ಮಿನಲ್ಲಿದ್ದಾರೆ.

ಎರಡು ವಿಷಯ ಸೇರಿಸುತ್ತೇನೆ. ರೋಮಿನ ಕಾಂಕ್ರೀಟಿನಲ್ಲಿ ಬಿಳಿ ಸುಣ್ಣದ ಉಂಡೆಗಳು ಕಾಣುತ್ತವೆ. ಸರಿಯಾಗಿ ಕಲಸದ ಕಳಪೆ ಕೆಲಸ ಅಂತ ಬಹಳ ಕಾಲ ಅಂದುಕೊಂಡಿದ್ದರು. 2023ರಲ್ಲಿ ಎಂಐಟಿಯವರು ಬೇರೆ ಕಾರಣ ಹೇಳಿದರು. ಸುಟ್ಟ ಸುಣ್ಣವನ್ನು ಮೊದಲೇ ಅರಳಿಸದೆ ನೇರವಾಗಿ ಬೆರೆಸಿದ್ದರಿಂದ ಆ ಉಂಡೆ ಉಳಿದಿವೆ. ಬಿರುಕು ಬಿಟ್ಟು ನೀರು ಇಳಿದರೆ ಸುಣ್ಣ ಕರಗಿ ಹರಿದು ಬಿರುಕನ್ನು ತಾನೇ ಮುಚ್ಚುತ್ತದೆ.

ಇನ್ನೊಂದು, ಸುರ್ಕಿ ವಾಪಸ್ ಬರುತ್ತಿದೆ. ಸೂಟು ಬೂಟು ಹಾಕಿಕೊಂಡು. ಸಿಮೆಂಟ್ ಮಾಡಲು 1450 ಡಿಗ್ರಿ ಬೇಕು. ಜಗತ್ತಿನ ಇಂಗಾಲದ ಹೊಗೆಯಲ್ಲಿ ಶೇಕಡ 8ರಷ್ಟು ಅದರದ್ದೇ. ಅದಕ್ಕೆ ಸುಟ್ಟ ಜೇಡಿಮಣ್ಣು, ಸುಣ್ಣದ ಕಲ್ಲಿನ ಪುಡಿ ಬೆರೆಸಿ ಕ್ಲಿಂಕರನ್ನು, ಅಂದರೆ ಗೂಡಿನಲ್ಲಿ ಸುಟ್ಟು ತೆಗೆಯುವ ಸಿಮೆಂಟಿನ ಗಟ್ಟಿಯನ್ನು, ಅರ್ಧಕ್ಕೆ ಇಳಿಸುವ ಎಲ್‌ಸಿ-ತ್ರೀ ಅನ್ನುವ ಸಿಮೆಂಟನ್ನು ಸ್ವಿಟ್ಜರ್ಲೆಂಡಿನವರೂ ನಮ್ಮ ಐಐಟಿಗಳವರೂ ಸೇರಿ ಬೆಳೆಸಿದ್ದಾರೆ. ಸುಟ್ಟ ಮಣ್ಣು, ಸುಣ್ಣ. ತಾತನಿಗೆ ಹೇಳಿದ್ದರೆ ನಕ್ಕುಬಿಡುತ್ತಿದ್ದರು, ಅಲ್ವಾ?

ಗವಿಪುರದ ಮೇಡಂ, ಕೆಲಸ ಶುರು ಮಾಡುವ ಮೊದಲು ಹೊರಗಿನ ರಸ್ತೆ ಒಮ್ಮೆ ನೋಡಿ. ನಮ್ಮ ಹಳೇ ಬಡಾವಣೆಗಳಲ್ಲಿ ಟಾರ್ ಮೇಲೆ ಟಾರ್ ಹಾಕಿ ಹಾಕಿ ರಸ್ತೆ ಎತ್ತರಕ್ಕೆ ಹೋಗಿ ಮನೆ ಹಳ್ಳಕ್ಕೆ ಬಿದ್ದಿರುತ್ತದೆ. ಗೋಡೆಗೆ ನೀರು ಅಲ್ಲಿಂದಲೇ ಬರುತ್ತಿರಬಹುದು.

ಗವಿಪುರದ ಮನೆ:
ಆರು ವಾರದ ನಂತರ ಬರೆಯುತ್ತಿದ್ದೇನೆ, ಕ್ಷಮಿಸಿ.

ಆರ್ಕಿಟೆಕ್ಟ್ ಹೇಳಿದ್ದು ನಿಜ. ರಸ್ತೆ ನಮ್ಮ ಹೊಸ್ತಿಲಿಗಿಂತ ಒಂದು ಅಡಿ ಮೇಲಿತ್ತು. ಮೊದಲು ಗೋಡೆ ಪಕ್ಕ ಮಣ್ಣು ತೆಗೆಸಿ ಚರಂಡಿ ಮಾಡಿಸಿದೆವು. ಆಮೇಲೆ ಸಿಮೆಂಟ್ ಕಿತ್ತೆವು. ಒಳಗೆ ಇಟ್ಟಿಗೆ ಬೆವರಿದ ಹಾಗಿತ್ತು. ಮೂರು ವಾರ ಹಾಗೇ ಬಿಟ್ಟು ಒಣಗಿಸಿದೆವು. ಸುಣ್ಣ ಅದಕ್ಕೂ ಮುಂಚೆಯೇ ಹಿತ್ತಲಿನ ತೊಟ್ಟಿಯಲ್ಲಿ ನೆನೆದಿತ್ತು. ನೀರು ಹಾಕಿದ ದಿನ ಅದು ಕುದ್ದ ಸದ್ದಿಗೆ ನಮ್ಮ ನಾಯಿ ಮಂಚದ ಕೆಳಗೆ ಹೋಗಿದ್ದು ಸಂಜೆಯವರೆಗೂ ಬರಲಿಲ್ಲ.

ಮೇಸ್ತ್ರಿಗೆ ಎಪ್ಪತ್ತು ದಾಟಿದೆ. ಜೊತೆಗೆ ಮೊಮ್ಮಗ ಬಂದಿದ್ದ. ಅವನು ಡಿಪ್ಲೊಮಾ ಓದುತ್ತಿದ್ದಾನೆ, ಕರಣೆ ಮುಟ್ಟುವುದಿಲ್ಲ, ಫೋನಿನಲ್ಲಿ ವಿಡಿಯೋ ಮಾತ್ರ ಮಾಡಿದ. ಅನುಮಾನಪ್ಪನವರ ಮಾತು ತಲೆಯಲ್ಲಿತ್ತು, ನಾನು ನೋಟ್‌ಬುಕ್ ಹಿಡಿದು ಕೂತೆ. "ಒಂದು ಬಾಂಡ್ಲಿಗೆ ಬೆಲ್ಲದ ನೀರು ಎಷ್ಟು ಹಾಕಬೇಕು ಮೇಸ್ತ್ರಿ?" ಅಂದೆ. "ಕೈಗೆ ಅಂಟಬೇಕು, ಅಂಟಿದ್ದು ಬಿಡಬೇಕು" ಅಂದರು. ಅದನ್ನು ಹೇಗೆ ಬರೆದುಕೊಳ್ಳಲಿ?

ಆಮೇಲೆ ಒಂದು ಉಪಾಯ ಮಾಡಿದೆ. ಅಡುಗೆಮನೆಯ ತಕ್ಕಡಿ ತಂದು, ಅವರು ಹಾಕುವ ಮೊದಲು ಚೊಂಬು ತೂಗಿದೆ, ಹಾಕಿದ ಮೇಲೆ ಮತ್ತೆ ತೂಗಿದೆ. ಮೊದಲ ಬಾಂಡ್ಲಿಗೆ 420 ಗ್ರಾಂ. ಮಧ್ಯಾಹ್ನ 510. ಮರುದಿನ ಬೆಳಗ್ಗೆ 300. ತಕ್ಕಡಿ ಕೆಟ್ಟಿದೆಯಾ ಅಂತ ಅನುಮಾನ ಬಂತು. ಮೊಮ್ಮಗ ಫೋನ್ ಕೆಳಗಿಟ್ಟು ಮರಳಿನ ಗುಡ್ಡೆಗೆ ಕೈ ಹಾಕಿ ಹೇಳಿದ, "ಆಂಟಿ, ರಾತ್ರಿ ಮಳೆ ಬಂದಿತ್ತಲ್ಲ, ಮರಳು ಒದ್ದೆ ಇದೆ."

ಮೇಸ್ತ್ರಿ ತಿರುಗಿ ಅವನನ್ನು ಒಂದು ಸಲ ನೋಡಿದರು, ಏನೂ ಹೇಳಲಿಲ್ಲ. ಮಧ್ಯಾಹ್ನ ಊಟ ಆದ ಮೇಲೆ ಕರಣೆ ಅವನ ಕೈಗೆ ಕೊಟ್ಟರು. ಕಿಟಕಿ ಪಕ್ಕದ ಎರಡು ಅಡಿ ಅವನು ಬಳಿದಿದ್ದು, ಸ್ವಲ್ಪ ಸೊಟ್ಟಗಿದೆ. ಫೋಟೋ ಆಮೇಲೆ ಹಾಕುತ್ತೇನೆ, ಗೋಡೆ ಇನ್ನೂ ಹಸಿ.

ರಿಟೈರ್ಡ್ ಸಿವಿಲ್:
ಬಣ್ಣ ಹೊಡೆಯಲು ಆತುರ ಮಾಡಬೇಡಿ ಮೇಡಂ. ಹೊಡೆದರೂ ಸುಣ್ಣದ ನೀರೇ. ಪ್ಲಾಸ್ಟಿಕ್ ಪೇಂಟ್ ಹಚ್ಚಿದಿರೋ, ಮತ್ತೆ ಮೂಗು ಮುಚ್ಚಿದ ಹಾಗೆ.